ಕೂತ್ಕೊಳ್ಳೋದಾ, ನಿಂತ್ಕೊಳ್ಳೋದಾ

ಸಿಡ್ನಿಗೆ ಬಂದು ಹನ್ನೊಂದು ವರ್ಷ ಆಯ್ತು, ಬೇಸಿಗೆ ಬಂತು ಅಂದ್ರೆ ಭಾನುವಾರ ಬೆಳಿಗ್ಗೆ ರೋಸ್ ಬೇ ದಂಡೆ ಮೇಲೆ ನಮ್ಮಿಬ್ಬರ ಜಗಳ ಒಂದೇ. ಕೂತು ಹುಟ್ಟು ಹಾಕೋ ಸಪೂರ ದೋಣಿ ಕಯಾಕಾ, ಹಲಗೆ ಮೇಲೆ ನಿಂತು ಹುಟ್ಟು ಹಾಕೋ ಪ್ಯಾಡಲ್ ಬೋರ್ಡಾ? ಇವ್ರದ್ದು ಕಯಾಕು. "ದುಡ್ಡು ಕೊಟ್ಟು ಯಾರಾದ್ರೂ ನಿಂತ್ಕೊಂಡು ಹೋಗ್ತಾರೇನೇ, ಇದೇನು ಮಂಡ್ಯ ಬಸ್ಸಾ" ಅಂತಾರೆ. ಮಾತಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ.

ಮೊದಲನೇ ವರ್ಷ ಇಬ್ರೂ ಸೇರಿ ಡಬಲ್ ಕಯಾಕ್ ತಗೊಂಡಿದ್ವಿ. ಇದಕ್ಕೆ ಡಿವೋರ್ಸ್ ಬೋಟ್ ಅಂತ ಅಡ್ಡಹೆಸರಿದೆ ಅಂತ ಆಮೇಲೆ ಗೊತ್ತಾಯ್ತು. ಮುಂದೆ ಕೂತೋರ ತಾಳಕ್ಕೆ ಹಿಂದಿನೋರು ಹುಟ್ಟು ಹಾಕ್ಬೇಕು, ಆದ್ರೆ ದಿಕ್ಕು ಹಿಂದಿನೋರ ಕೈಲಿರತ್ತೆ. ನಾನು ಮುಂದೆ. ಸ್ಕೂಟರ್ ಹಿಂದಿನ ಸೀಟಲ್ಲಿ ಕೂತು ವರ್ಷಗಟ್ಟಲೆ ಹೇಳಿದ "ರೀ ಎಡಕ್ಕೆ, ರೀ ನಿಧಾನ" ಅನ್ನೋ ಮಂತ್ರವನ್ನೇ ಈಗ ಮುಂದಿನ ಸೀಟಿಂದ ಹೇಳಿದ್ದು ಅಷ್ಟೆ ವ್ಯತ್ಯಾಸ. ಎರಡು ಹುಟ್ಟೂ ಟಕ್ ಟಕ್ ಅಂತ ತಾಕ್ತಿತ್ತು, ನನ್ನ ಹುಟ್ಟಿನ ನೀರೆಲ್ಲ ಹಿಡಿ ಗುಂಟ ಇಳಿದು ನನ್ನ ತೊಡೆ ಮೇಲೇ ಸುರೀತಿತ್ತು, ದಡಕ್ಕೆ ಬಂದಾಗ ಇಬ್ರೂ ಮಾತಾಡ್ತಿರಲಿಲ್ಲ. ಅವತ್ತಿಂದ ಅವ್ರಿಗೆ ಒಂಟಿ ಕಯಾಕು, ನನಗೆ ಬೋರ್ಡು.

ಬೋರ್ಡ್ ಕಲಿಯೋದು ಏನು ಮಹಾ ಅಂದ್ಕೊಂಡಿದ್ದೆ. ಅದರ ಹುಟ್ಟಿನ ಅಲಗು ಒಂಚೂರು ಬಾಗಿರತ್ತೆ, ಸೌಟು ಹಿಡಿದು ಅಭ್ಯಾಸ ಇರೋ ಕೈಗೆ ನೀರನ್ನ ಬಾಚ್ಕೊಳ್ಳೋ ಹಾಗೆ ಹಿಡಿಯೋಣ ಅನ್ಸತ್ತೆ, ಅದೇ ತಪ್ಪು. ಅಲಗು ಮುಂದಕ್ಕೆ ವಾಲಿರ್ಬೇಕು. ನಾನು ಮೂರು ಭಾನುವಾರ ಉಲ್ಟಾ ಹಿಡ್ಕೊಂಡೇ ಹೋಗಿದ್ದೆ, ಯಾರೂ ಹೇಳ್ಲಿಲ್ಲ, ಈ ಊರಿನ ಜನ ಅಷ್ಟು ಸಂಭಾವಿತರು. ನಮ್ಮೂರಾಗಿದ್ರೆ ದಡದ ಮೇಲಿಂದಲೇ ನಾಲ್ಕು ಜನ ಕೂಗಿರೋರು. ಇನ್ನೊಂದು, ಕಾಲು ನೋಡ್ಕೊಂಡ್ರೆ ಬಿದ್ದೆವು ಅಂತಲೇ ಲೆಕ್ಕ, ದೂರ ನೋಡ್ಬೇಕು, ಮಂಡಿ ಸಡಿಲ ಬಿಡ್ಬೇಕು. ನಲವತ್ತಾರು ವರ್ಷದ ಮಂಡಿ, ಅದು ಆಗ್ಲೇ ಸಡಿಲ ಆಗಿದೆ.

ಆದ್ರೂ ಯಾಕೆ ನಿಲ್ತೀನಿ ಅಂದ್ರೆ, ಕೂತೋರಿಗೆ ನೀರಿನ ಮೇಲೆ ಆಡೋ ಬಿಸಿಲು ಕಣ್ಣಿಗೆ ಹೊಡೆಯತ್ತೆ, ನಿಂತೋರಿಗೆ ನೀರಿನ ತಳ ಕಾಣತ್ತೆ. ಒಂದ್ಸಲ ಕೆಳಗೆ ಮರಳೇ ಎದ್ದು ನಡೆದ ಹಾಗಾಯ್ತು. ನೋಡಿದ್ರೆ ಮಂಗಳೂರು ಕಡೆಯೋರು ತೊರಕೆ ಅಂತಾರಲ್ಲ, ಆ ಮೀನು, ಕಾವಲಿ ಮೇಲೆ ನೀರ್‌ದೋಸೆ ಅಂಚು ಏಳೋ ಹಾಗೆ ಮೈಯಂಚನ್ನ ಅಲೆ ಅಲೆಯಾಗಿ ಎತ್ತುತ್ತಾ ನನ್ನ ಬೋರ್ಡಿನ ನೆರಳಿಂದ ಆಚೆ ಜಾರಿ ಹೋಯ್ತು. ಇವ್ರು ಹತ್ತು ಮಾರು ದೂರದಲ್ಲೇ ಇದ್ರು, ಏನೂ ಕಾಣಿಸಿರಲಿಲ್ಲ. ನನಗೆ ಆದ ಖುಷಿ ಮೀನಿಂದ ಎಷ್ಟು, ಇವ್ರಿಗೆ ಕಾಣದೆ ಹೋಗಿದ್ರಿಂದ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ.

ಎದುರಿಗಿರೋ ದ್ವೀಪದ ಹೆಸರು ಶಾರ್ಕ್ ಐಲೆಂಡ್. ಆಕಾರ ಹಾಗಿದೆ ಅಂತ ಆ ಹೆಸರಂತೆ, ಹೆದರ್ಬೇಡ ಅಂತಾರೆ ಇವ್ರು. ಬೇಸಿಗೆಯಲ್ಲಿ ನೀರು ಬೆಚ್ಚಗಾದಾಗ ಬುಲ್ ಶಾರ್ಕ್‌ಗಳು ಹಾರ್ಬರ್ ಒಳಗೇ ಬರ್ತವೆ ಅನ್ನೋದನ್ನ ಮಾತ್ರ ಹೇಳಲ್ಲ. ನನಗೆ ಶಾರ್ಕಿಗಿಂತ ಫೆರಿ ಭಯ. ಮುಂದೆ ಕಿತ್ತಳೆ ಬಣ್ಣದ ಡೈಮಂಡ್ ಗುರುತು ಹಾಕ್ಕೊಂಡು ಬಂದ್ರೆ ಹಾಯಿದೋಣಿಯೋರೂ ದಾರಿ ಬಿಡ್ಬೇಕು, ಸರಿ, ನಾವೂ ಬಿಟ್ವಿ, ಆದ್ರೆ ಅದು ಹೋದ್ಮೇಲೆ ಬರೋ ಅಲೆಗೆ ಯಾವ ಗುರುತೂ ಇರಲ್ಲ. ಅಲೆ ಬಂದಾಗ ಮಂಡಿಯೂರು, ಅಷ್ಟೆ. ಪಕ್ಕದಲ್ಲೇ ಸೀಪ್ಲೇನ್ ಇಳಿಯತ್ತೆ ಬೇರೆ. 1938ರಲ್ಲಿ ಇಲ್ಲಿಂದಲೇ ಇಂಗ್ಲೆಂಡಿಗೆ ನೀರಿನ ಮೇಲಿಂದ ಏಳೋ ವಿಮಾನ ಹೋಗ್ತಿತ್ತು, ಕಲ್ಕತ್ತ, ಕರಾಚಿ ಎಲ್ಲ ಮುಟ್ಕೊಂಡು, ಒಂಬತ್ತು ಹತ್ತು ದಿನದ ಪ್ರಯಾಣ. ಅಷ್ಟು ದಿನ ಕೂತೇ ಇರ್ಬೇಕಲ್ಲ ಅಂದೆ. "ಕಯಾಕ್‌ನೋರಿಗೆ ಅಭ್ಯಾಸ ಇರತ್ತೆ" ಅಂದ್ರು.

ಕಯಾಕ್ ಮೇಲೆ ನನಗೇನು ದ್ವೇಷ ಇಲ್ಲ ಕಣ್ರೀ. ಉತ್ತರ ಧ್ರುವದ ಕಡೆಯ ಇನ್ಯೂಯಿಟ್ ಜನ ತೇಲಿ ಬಂದ ಕಟ್ಟಿಗೆ, ಮೂಳೆಯಿಂದ ಹಂದರ ಕಟ್ಟಿ ಅದಕ್ಕೆ ಸೀಲ್ ಚರ್ಮ ಬಿಗಿದು ಮಾಡಿದ್ದು ಅದು. ಓದಿದಾಗ ನಮ್ಮ ಹರಿಗೋಲೇ ನೆನಪಾಯ್ತು, ಬಿದಿರು ಹೆಣೆದು ಮೇಲೆ ತೊಗಲು ಹೊದಿಸ್ತಿದ್ರಲ್ಲ, ಈಗ ಪ್ಲಾಸ್ಟಿಕ್ ಹೊದಿಸ್ತಾರೆ. ಅವ್ರದ್ದು ಈಟಿ ಥರ ಚೂಪು, ನಮ್ಮದು ಬುಟ್ಟಿ ಥರ ದುಂಡು. ಚಿಕ್ಕವಳಿದ್ದಾಗ ತಲಕಾಡಿನ ಹತ್ರ ಕಾವೇರಿಲಿ ಹರಿಗೋಲು ಹತ್ತಿ ಎದ್ದು ನಿಂತಿದ್ದಕ್ಕೆ ಅಂಬಿಗ "ಏ ಮಗಾ, ಕುಕ್ಕುರ್ಸು" ಅಂತ ಗದರಿದ್ದ. ನೀರಿನ ಮೇಲೆ ನಿಂತ್ಕೊಳ್ಳೋ ಆಸೆ ಬಹುಶಃ ಅವತ್ತಿಂದು.

ಹೋದ ವಾರ ಹೊರಡೋದು ಲೇಟಾಯ್ತು. ಮಧ್ಯಾಹ್ನ ಆಗ್ತಿದ್ದ ಹಾಗೆ ಇಲ್ಲಿ ಸಮುದ್ರದ ಕಡೆಯಿಂದ ಈಶಾನ್ಯದ ಗಾಳಿ ಶುರುವಾಗತ್ತೆ, ಕಯಾಕ್‌ನೋರು ಅದರ ಕೆಳಗೇ ನುಸುಳ್ಕೊಂಡು ಹೋಗ್ತಾರೆ, ನಿಂತೋರು ಹಾಯಿ ಆಗ್ಬಿಡ್ತಾರೆ. ನಾನು ಹುಟ್ಟು ಹಾಕ್ತಿದ್ದಿದ್ದು ದಡದ ಕಡೆ, ಹೋಗ್ತಿದ್ದಿದ್ದು ಪಾಯಿಂಟ್ ಪೈಪರ್ ಕಡೆ. ಆಸ್ಟ್ರೇಲಿಯಾದಲ್ಲೇ ತುಂಬಾ ದುಬಾರಿ ಮನೆಗಳಿರೋ ಜಾಗ, ನಮ್ಮ ಸಂಬಳದಲ್ಲಿ ನನ್ನ ಅಲ್ಲಿಗೆ ಕರ್ಕೊಂಡು ಹೋಗೋದು ಗಾಳಿ ಒಂದೇ. ಮೊದಲು ಮಂಡಿಯೂರಿದೆ, ಆಮೇಲೆ ಕಾಲು ಎರಡೂ ಕಡೆ ಇಳಿಬಿಟ್ಟು ಕೂತೇಬಿಟ್ಟೆ, ಅರ್ಧ ಗಂಟೆ ಹಾಗೇ ಹುಟ್ಟು ಹಾಕಿ ದಡ ಸೇರಿದೆ. ಇವ್ರು ಆಗ್ಲೇ ಬಂದು ಟವೆಲ್ ಹಿಡ್ಕೊಂಡು ನಿಂತಿದ್ರು, ಮುಖದಲ್ಲಿ ನಗು ಬೇರೆ.

ಬಾಡಿಗೆಗೆ ಕೊಡೋ ಹುಡುಗ ಬೋರ್ಡ್ ಎಳ್ಕೊಳ್ತಾ, ಪೂರ್ತಿ ನಿಂತ್ಕೊಂಡೇ ಹೋಗಿ ಬಂದ್ರಾ ಅಂತ ಕೇಳಿದ.

ಹೋಗೋವಾಗ ನಿಂತಿದ್ದೆ ಅಂದೆ.