ನೋಡುವವರಿಲ್ಲದ ಕಾರಂಜಿ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ಹುಟ್ಟಿ, ಓದಿ, ಕೆಲಸದ ದೆಸೆಯಿಂದ ಕಾಸರಗೋಡು ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಬಂದು ನೆಲೆಸಿದವನು ನಾನು. ಇಲ್ಲಿನವರು ಊರನ್ನು ಕಾಞಂಗಾಡ್ ಎನ್ನುತ್ತಾರೆ. ಹೊಸದುರ್ಗದಿಂದ ಹೊಸದುರ್ಗಕ್ಕೆ ಹೋದೆ ಅಂದರೆ ನೆಂಟರು ಇವತ್ತಿಗೂ ತಮಾಷೆ ಅಂದುಕೊಳ್ಳುತ್ತಾರೆ. ನನ್ನ ಮಕ್ಕಳು ಇಲ್ಲಿನ ಅನುದಾನಿತ ಶಾಲೆಗೆ ಹೋಗುತ್ತಾರೆ, ತಂಗಿಯ ಮಕ್ಕಳು ಅಲ್ಲಿ ಸರ್ಕಾರಿ ಶಾಲೆಗೆ. ಶಾಲಾ ಮಕ್ಕಳ ಕಲಾ ಸ್ಪರ್ಧೆಗಳಾದ ಇಲ್ಲಿನ ಕಲೋತ್ಸವ, ಅಲ್ಲಿನ ಪ್ರತಿಭಾ ಕಾರಂಜಿ ಎರಡನ್ನೂ ನೋಡುತ್ತಾ ಬಂದ ಮೇಲೆ ನನಗೆ ಅನಿಸಿದ್ದು, ನಮ್ಮ ಕಡೆ ಪ್ರತಿಭೆಗೂ ಬರವಿಲ್ಲ, ಸ್ಪರ್ಧೆಗೂ ಬರವಿಲ್ಲ. ಕೂತು ನೋಡುವವರಿಗೆ ಬರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಎರಡೂ ಊರು ಒಂದೇ ಥರ. ಅಲ್ಲಿ 625ಕ್ಕೆ ಇಷ್ಟು ತೆಗೆದವರ ಫೋಟೊ, ಇಲ್ಲಿ ‘ಫುಲ್ ಎ ಪ್ಲಸ್’ನವರ ಫೋಟೊ, ಶಾಲೆಯ ಗೇಟಿಗೆ ಫ್ಲೆಕ್ಸ್. ಮಳೆಗಾಲ ಕಳೆದ ಮೇಲೆ ಮಾತ್ರ ಇಲ್ಲಿ ಇನ್ನೊಂದು ಕಂತು ಫ್ಲೆಕ್ಸ್ ಏಳುತ್ತದೆ, ಕಲೋತ್ಸವದ್ದು. ಮಾಪಿಳ್ಳೆಯರ ಮದುವೆ ಕುಣಿತವಾದ ಒಪ್ಪನದಲ್ಲಿ ಎ ಗ್ರೇಡ್, ಚೆಂಡೆಮೇಳದಲ್ಲಿ ಎ ಗ್ರೇಡ್, ಮಿಮಿಕ್ರಿಯಲ್ಲಿ ಎ ಗ್ರೇಡ್. ಗಣಿತದಲ್ಲಿ ಹೇಗೋ ತೇಲಿಕೊಂಡ ಹುಡುಗನ ಮುಖವೂ ಅದರಲ್ಲಿರುತ್ತದೆ, ಅದೂ ಮೊದಲ ಫ್ಲೆಕ್ಸಿನಷ್ಟೇ ದೊಡ್ಡದಾಗಿ.

ಕೇರಳ ಶಾಲಾ ಕಲೋತ್ಸವ ಶುರುವಾದದ್ದು 1957ರಲ್ಲಿ, ಎರ್ನಾಕುಲಂನಲ್ಲಿ, ರಾಜ್ಯ ಹುಟ್ಟಿ ಕೆಲವೇ ತಿಂಗಳಾಗಿದ್ದಾಗ. ಮರುವರ್ಷ ಹಾಡಿನಲ್ಲಿ ಮೊದಲು ಬಂದ ಹುಡುಗ ಕೆ. ಜೆ. ಯೇಸುದಾಸ್, ಮೃದಂಗದಲ್ಲಿ ಮೊದಲು ಬಂದವರು ಮುಂದೆ ತಾವೇ ದೊಡ್ಡ ಗಾಯಕರಾದ ಪಿ. ಜಯಚಂದ್ರನ್. ಒಬ್ಬರು ಹಾಡುತ್ತಾ, ಇನ್ನೊಬ್ಬರು ನುಡಿಸುತ್ತಾ ಇರುವ ಕಪ್ಪುಬಿಳುಪು ಫೋಟೊ ಕಲೋತ್ಸವದ ಸೀಸನ್ನಿನಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಎ ಗ್ರೇಡಿಗೆ ಐದು ಪಾಯಿಂಟ್, ಬಿಗೆ ಮೂರು, ಸಿಗೆ ಒಂದು. ಚೆನ್ನಾಗಿ ಮಾಡಿದ ಹತ್ತು ಮಕ್ಕಳಿದ್ದರೆ ಹತ್ತೂ ಮಕ್ಕಳಿಗೆ ಎ ಸಿಗಬಹುದು. ನಮ್ಮಲ್ಲಿಯ ಹಾಗೆ ಮೂರನೆಯವರ ನಂತರ ಎಲ್ಲರೂ ಬರಿಗೈಯಲ್ಲ. ಪಾಯಿಂಟುಗಳೆಲ್ಲ ಜಿಲ್ಲೆಯ ಲೆಕ್ಕಕ್ಕೆ ಸೇರಿ, ಹೆಚ್ಚು ಗಳಿಸಿದ ಜಿಲ್ಲೆಗೆ 117.5 ಪವನ್ (ಒಂದು ಪವನ್ ಅಂದರೆ ಎಂಟು ಗ್ರಾಂ) ತೂಕದ ಚಿನ್ನದ ಕಪ್. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ತ್ರಿಶ್ಶೂರು ಗಳಿಸಿದ್ದು 1008, ಪಾಲಕ್ಕಾಡು 1007. ಆ ಒಂದು ಪಾಯಿಂಟಿನ ಬಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಜಗಳವಾಡುವ ಗಂಡಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ರಿಕೆಟ್ಟಿನ ಬಗ್ಗೆ ಅಲ್ಲ, ಚುನಾವಣೆಯ ಬಗ್ಗೆ ಅಲ್ಲ, ಶಾಲೆಯ ಮಕ್ಕಳ ತಿರುವಾದಿರ ಕುಣಿತದ ಬಗ್ಗೆ!

2019ರ ನವೆಂಬರ್ ಕೊನೆಗೆ ಆ ರಾಜ್ಯ ಕಲೋತ್ಸವ ನಮ್ಮ ಈ ಸಣ್ಣ ಪಟ್ಟಣಕ್ಕೇ ಬಂತು. ಅದಕ್ಕೂ ಮುಂಚೆ ಕಲವರ ತುಂಬಿಸುವ ಶಾಸ್ತ್ರ, ಅಂದರೆ ಅಡುಗೆಯ ಉಗ್ರಾಣಕ್ಕೆ ಊರವರೇ ತೆಂಗಿನಕಾಯಿ, ಅಕ್ಕಿ, ಕುಂಬಳಕಾಯಿ, ಬಾಳೆಗೊನೆ ತಂದು ಹಾಕುವುದು. ದಕ್ಷಿಣ ಕನ್ನಡದ ಕಡೆ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೋಗುತ್ತದಲ್ಲ, ಹಾಗೆಯೇ. ಇಲ್ಲಿ ದೇವರ ಜಾಗದಲ್ಲಿ ಶಾಲೆ. ತೆಂಗಿನಕಾಯಿ ಕೊಟ್ಟವನು ಒಂದು ನಾಟಕವನ್ನಾದರೂ ನೋಡದೆ ಇರುತ್ತಾನೆಯೇ? ಆಟೊದವರಿಗೆ ಯಾವ ವೇದಿಕೆಯಲ್ಲಿ ಯಾವ ಐಟಂ ಅಂತ ಬಾಯಿಪಾಠವಾಗಿತ್ತು. ಮೊಮ್ಮಕ್ಕಳಿಲ್ಲದ ಅಜ್ಜಿಯರೂ ಹೊತ್ತು ಮೂಡುವ ಮುಂಚೆ ಕೊಡೆ ಹಿಡಿದು ಬಂದು ಮುಂದಿನ ಕುರ್ಚಿ ಹಿಡಿಯುತ್ತಿದ್ದರು.

ಕನ್ನಡಿಗನಾಗಿ ನನಗೆ ಹಿಡಿಸಿದ್ದು ಇನ್ನೊಂದು. ಕಲೋತ್ಸವದ ಪಟ್ಟಿಯಲ್ಲಿ ಕನ್ನಡ ಪದ್ಯ ಹೇಳುವುದೂ ಇದೆ, ಕನ್ನಡ ಭಾಷಣವೂ ಇದೆ, ಯಕ್ಷಗಾನವೂ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವುದು ಇದೇ ಜಿಲ್ಲೆಯಲ್ಲಿ, ಆದ್ದರಿಂದ ಯಕ್ಷಗಾನ ಇಲ್ಲಿಗೆ ಹೊರಗಿನದಲ್ಲ ಅನ್ನುವುದು ಬೇರೆ ಮಾತು. ಈಚೆಗೆ ಮಂಗಲಂಕಳಿ, ಪಣಿಯ ನೃತ್ಯ, ಇರುಳ ನೃತ್ಯದಂಥ ಆದಿವಾಸಿ ಕುಣಿತಗಳೂ ಸೇರಿವೆ. ನಾವು ನಮ್ಮ ಲಂಬಾಣಿ ಮಕ್ಕಳ, ಸೋಲಿಗರ ಮಕ್ಕಳ ಕುಣಿತವನ್ನು ‘ಜಾನಪದ ನೃತ್ಯ’ ಎಂಬ ಒಂದೇ ಚೀಲಕ್ಕೆ ತುರುಕುತ್ತೇವೆ.

ಕಲೋತ್ಸವಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು, ನಿಜ ಹೇಳಬೇಕೆಂದರೆ, ಅದರ ತಮ್ಮನಂತಿರುವ ಶಾಸ್ತ್ರೋತ್ಸವ. ಅದರಲ್ಲಿ ವಿಜ್ಞಾನ, ಗಣಿತದ ಜೊತೆ ವೃತ್ತಿ ಪರಿಚಯದ ಮೇಳವೂ ಸೇರಿದೆ. ತರಗತಿಯ ಬೆಂಚು ಪಕ್ಕಕ್ಕೆ ಸರಿಸಿ ಮಕ್ಕಳು ನೆಲದ ಮೇಲೆ ಕೂತು, ಕೊಟ್ಟ ಹೊತ್ತಿನೊಳಗೆ, ಎಲ್ಲರ ಕಣ್ಣೆದುರೇ ಒಂದು ವಸ್ತು ಮಾಡಿ ತೋರಿಸಬೇಕು. ಒಬ್ಬಳು ಕೊಡೆ ಕಟ್ಟುತ್ತಾಳೆ. ಕಪ್ಪು ಬಟ್ಟೆಯನ್ನು ತ್ರಿಕೋನ ತ್ರಿಕೋನವಾಗಿ ಕತ್ತರಿಸಿ, ಹೊಲಿದು, ಕಡ್ಡಿಗಳ ತುದಿಗೆ ದಾರದಿಂದ ಬಿಗಿದು, ಕೊನೆಗೆ ಬಟನ್ ಒತ್ತಿ ಟಪ್ ಅಂತ ಬಿಡಿಸುತ್ತಾಳೆ. ಪಕ್ಕದಲ್ಲಿ ಒಬ್ಬ ತೆಂಗಿನ ನಾರಿನಿಂದ ಕಾಲೊರಸು ಹೆಣೆಯುತ್ತಿರುತ್ತಾನೆ, ಅವನಾಚೆ ಇನ್ನೊಬ್ಬ ವಾಲಿಬಾಲ್ ನೆಟ್ಟಿಗೆ ಗಂಟು ಹಾಕುತ್ತಿರುತ್ತಾನೆ. ಮನೆಯಲ್ಲಿ ಅಪ್ಪ ಮಾಡಿಕೊಟ್ಟ ಮಾಡೆಲ್ ತಂದು ಮೇಜಿನ ಮೇಲಿಟ್ಟು ವಿವರಣೆ ಒಪ್ಪಿಸುವ ಆಟ ಇಲ್ಲಿ ನಡೆಯುವುದಿಲ್ಲ.

ಇನ್ನು ನಮ್ಮೂರ ಪ್ರತಿಭಾ ಕಾರಂಜಿಗೆ ಬರುತ್ತೇನೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲುಗಳಿರುವ ಕಾರ್ಯಕ್ರಮ. ಕಂಠಪಾಠ, ಭಕ್ತಿಗೀತೆ, ಛದ್ಮವೇಷ, ಕಥೆ ಹೇಳುವುದು, ಕ್ಲೇ ಮಾಡೆಲಿಂಗ್, ಆಶುಭಾಷಣ, ಕವ್ವಾಲಿ, ರಂಗೋಲಿ. ಪಟ್ಟಿ ಏನೂ ಬಡವಾಗಿಲ್ಲ. ಒಮ್ಮೆ ಊರಿಗೆ ಹೋಗಿದ್ದಾಗ ತಂಗಿಯ ಮಗಳು ‘ಮಾವ, ನಾಳೆ ನನ್ನ ಕಥೆ ಕೇಳೋಕೆ ಬಾ’ ಅಂದಳು. ಹೋದೆ. ಏಳನೇ ತರಗತಿಯ ಕೋಣೆ. ತೀರ್ಪುಗಾರರಾಗಿ ಬೇರೆ ಶಾಲೆಯ ಮೂವರು ಶಿಕ್ಷಕರು, ಬಾಗಿಲ ಬಳಿ ಸರದಿ ಕಾಯುವ ಮಕ್ಕಳು. ಕಥೆ ಕೇಳಲು ಬಂದವನು ನಾನೊಬ್ಬನೇ, ನನ್ನನ್ನೂ ಒಬ್ಬ ಮೇಷ್ಟ್ರು ‘ಪೋಷಕರು ಹೊರಗಿರಿ’ ಅಂದರು. ಪಕ್ಕದ ಕೋಣೆಯಿಂದ ಕವ್ವಾಲಿಯ ಚಪ್ಪಾಳೆ ಗೋಡೆ ದಾಟಿ ಬರುತ್ತಿತ್ತು. ಹುಡುಗಿ ಹುಲಿ ಗರ್ಜಿಸುವ ಜಾಗದಲ್ಲಿ ಕೈಯೆತ್ತಿ ಗರ್ಜಿಸಿದಳು. ಎದುರಿಗಿದ್ದವರು ತಲೆ ಬಗ್ಗಿಸಿ ಅಂಕ ಬರೆಯುತ್ತಿದ್ದರು. ಅವರನ್ನು ದೂರಲಾರೆ. ಒಂದೇ ದಿನದಲ್ಲಿ ಅಷ್ಟೂ ಸ್ಪರ್ಧೆ ಮುಗಿಸಿ, ಬಿಸಿಯೂಟ ಬಡಿಸಿ, ಸರ್ಟಿಫಿಕೇಟಿಗೆ ಹೆಸರು ಬರೆದು, ಸಂಜೆಯೊಳಗೆ ಮಕ್ಕಳನ್ನು ಅವರವರ ಊರಿಗೆ ಮುಟ್ಟಿಸಬೇಕು. ಆದರೆ ಕಥೆ ಅನ್ನುವುದು ಕೇಳುವವರಿಗಾಗಿ ಇರುವುದಲ್ಲವೇ?

ಹಾಗಂತ ಕೇರಳದ್ದನ್ನು ಎತ್ತಿ ತಂದು ನಮ್ಮೂರಲ್ಲಿ ನೆಡಿ ಅನ್ನುವವನಲ್ಲ ನಾನು. ಒಂದು ಮೋಹಿನಿಯಾಟ್ಟಂಗೆ ಗುರುವಿನ ಫೀಸು, ಬಾಡಿಗೆ ಒಡವೆ, ಮೇಕಪ್ಪಿನವರು, ಹಾಡಿನ ರೆಕಾರ್ಡಿಂಗ್ ಅಂತ ಮನೆಯವರು ಸಾಲ ಮಾಡುವುದನ್ನು ಇಲ್ಲಿ ನೋಡಿದ್ದೇನೆ. ಎ ಗ್ರೇಡಿನ ಹಿಂದೆ ಪರೀಕ್ಷೆಗೆ ಸೇರುವ ಗ್ರೇಸ್ ಮಾರ್ಕಿನ ಆಸೆಯೂ ಇದೆ. ಸೋತ ತಂಡದವರು ದುಡ್ಡು ಕಟ್ಟಿ ಅಪೀಲು ಹೋಗುತ್ತಾರೆ, ಕೆಲವರು ಕೋರ್ಟಿನ ಮೆಟ್ಟಿಲನ್ನೂ ಹತ್ತುತ್ತಾರೆ. ಕಲಾತಿಲಕಂ, ಕಲಾಪ್ರತಿಭ ಅಂತ ಒಬ್ಬಳನ್ನು, ಒಬ್ಬನನ್ನು ಆರಿಸಿ ಕಿರೀಟ ತೊಡಿಸುತ್ತಿದ್ದರು. ಅಪ್ಪ ಅಮ್ಮಂದಿರ ಪೈಪೋಟಿ ತಾರಕಕ್ಕೇರಿ, ಕೊನೆಗೆ ಆ ಬಿರುದನ್ನೇ ನಿಲ್ಲಿಸಬೇಕಾಯಿತು. ನಮ್ಮ ಕಾರಂಜಿಯಲ್ಲಿ ಈ ರೋಗ ಇಷ್ಟು ಬಲಿತಿಲ್ಲ. ಹೊಲದ ಕೆಂಪು ಮಣ್ಣು ಕಲಸಿಕೊಂಡು ಬಂದ ಹುಡುಗ ಎತ್ತು ಮಾಡಿಟ್ಟು ಬಹುಮಾನ ಹೊಡೆಯಬಹುದು. ಅಮ್ಮನ ಸೀರೆ ಉಟ್ಟು ಓಬವ್ವನಾಗಿ, ಒನಕೆಯ ಬದಲು ಪೊರಕೆ ಹಿಡಿಯ ಕೋಲು ಹಿಡಿದು ಬಂದವಳಿಗೂ ಚಿತ್ರದುರ್ಗ ಜಿಲ್ಲೆಯಲ್ಲಿ ಯಾರೂ ಕಡಿಮೆ ಅಂಕ ಕೊಡುವ ಧೈರ್ಯ ಮಾಡುವುದಿಲ್ಲ. ಇದು ಹೀಗೇ ಇರಲಿ.

‘ನಮ್ಮ ಜನ ಬರಲ್ಲ ಸಾರ್, ಅವರಿಗೆ ಟೀವಿ ಸಾಕು’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಾಣೇಹಳ್ಳಿ ಇರುವುದು ನಾನು ಹುಟ್ಟಿದ ಹೊಸದುರ್ಗದ ತಾಲ್ಲೂಕಿನಲ್ಲೇ. 1997ರಿಂದ ಶಿವಸಂಚಾರ ಎಂಬ ತಿರುಗಾಟದ ತಂಡದ ನಾಟಕಗಳು ಅಲ್ಲಿಂದ ಹೊರಟು ನಾಡೆಲ್ಲ ಸುತ್ತುತ್ತಿವೆ. ನಾಟಕೋತ್ಸವದ ದಿನಗಳಲ್ಲಿ ಆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುತ್ತಲಿನ ಹಳ್ಳಿಯವರು ನವೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕೂತಿರುತ್ತಾರೆ. ಟ್ರ್ಯಾಕ್ಟರಿನಲ್ಲಿ ಬಂದವರು, ಬೈಕಿನಲ್ಲಿ ಮೂವರಾಗಿ ಬಂದವರು. ನಾಟಕಕ್ಕೆ ಬರುವ ಜನ ತಮ್ಮ ಮಕ್ಕಳ ಕೋಲಾಟಕ್ಕೆ ಬರಲಾರರೇ? ಕಾರಂಜಿ ನಡೆಯುವುದು ವಾರದ ನಡುವೆ, ಬೆಳಿಗ್ಗೆ ಹತ್ತರಿಂದ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಈರುಳ್ಳಿ ಕಟಾವಿಗೋ ಅಡಿಕೆ ಸುಲಿಯಲಿಕ್ಕೋ ಹೋದ ತಾಯಿಗೆ ಸುದ್ದಿ ಗೊತ್ತಾಗುವುದು ಸರ್ಟಿಫಿಕೇಟು ಮನೆಗೆ ಬಂದ ಮೇಲೆ. ಅಷ್ಟಕ್ಕೂ ಅವರನ್ನು ಕರೆದವರು ಯಾರು?

ಇದನ್ನೆಲ್ಲ ತಂಗಿಯ ಮಗಳ ಶಾಲೆಯಲ್ಲೇ ಮೇಷ್ಟ್ರಾಗಿರುವ ಹಳೆಯ ಗೆಳೆಯನ ಮುಂದೆ ಹೇಳಿದಾಗ ಅವನು, ‘ಅಲ್ಲ ಕಣಯ್ಯ, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನ ಮನೆ ಮುಟ್ಟಿಸೋರ್ಯಾರು? ಶಾಮಿಯಾನದ ಬಿಲ್ಲು ಯಾವ ಹೆಡ್ಡಿಗೆ ಹಾಕೋದು?’ ಅಂದ. ಸರಿಯಾದ ಪ್ರಶ್ನೆಯೇ. ರಾತ್ರಿ ಬೇಡ. ಸ್ಪರ್ಧೆ ಈಗಿನಂತೆಯೇ ನಡೆಯಲಿ. ಆ ವಾರದ ಶನಿವಾರ ಮಧ್ಯಾಹ್ನ ಮೂರರಿಂದ ಐದೂವರೆವರೆಗೆ, ಗೆದ್ದವರು ಸೋತವರು ಅನ್ನದೆ, ಊರಿನ ಮಕ್ಕಳು ಕಥೆ, ಕೋಲಾಟ, ಮಿಮಿಕ್ರಿ ಇಷ್ಟನ್ನು ಶಾಲೆಯ ಮೈದಾನದಲ್ಲಿ ಇನ್ನೊಮ್ಮೆ ಮಾಡಲಿ. ಗಣೇಶನಿಗೆ ಪೆಂಡಾಲ್ ಹಾಕುವ ಹುಡುಗರು ಶಾಲೆಗೂ ಹಾಕುತ್ತಾರೆ, ಶಾಲಾ ಸಮಿತಿಯಾದ ಎಸ್‌ಡಿಎಂಸಿಯವರು ಒಂದು ಮಾತು ಹೇಳಿದರೆ ಆಯಿತು. ಮೈಕ್‌ಸೆಟ್ಟಿನ ಬಾಡಿಗೆ ನನ್ನದು ಅಂದಿದ್ದೇನೆ. ಹೆಡ್‌ಮೇಷ್ಟ್ರಿಗೂ ಮನಸ್ಸಿದೆಯಂತೆ, ಆದರೆ ಬಿಇಒ ಆಫೀಸಿಗೊಂದು ಲೆಟರ್ ಬರೆದು ಕೇಳಿ ನೋಡೋಣ ಅಂತಿದ್ದಾರಂತೆ.