ಒಂದ್ಸಲ ಸೆಲ್ಫ್ ಹೊಡೀಲಾ?

ಎಡಗಿವಿಯೊಳಗೆ ಇನ್ನೂ ಎಂಜಿನ್ ಆಯಿಲ್ ಇದೆ. ಮೂರು ಸಲ ಸೋಪು ಹಾಕಿ ತೊಳೆದಾಯಿತು, ಟವೆಲ್ ತುದಿ ತಿರುಚಿ ಒಳಗೆ ಬಿಟ್ಟು ತೆಗೆದಾಯಿತು. ತಲೆ ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ. ಹೆಂಡತಿ ನನ್ನ ದಿಂಬಿನ ಮೇಲೆ ಹಳೇ ಟವೆಲ್ ಹಾಸಿಟ್ಟಳೇ ಹೊರತು ಸಮಾಧಾನದ ಒಂದು ಮಾತೂ ಆಡಲಿಲ್ಲ. ಯಾಕೆಂದರೆ ಆ ಆಯಿಲ್ ಹಾರಿಸಿದವರು ಅವಳ ಅಪ್ಪ.

ಎಲ್ಲದಕ್ಕೂ ಕಾರಣ ಮಾವನ ಮಾರುತಿ 800. 1997ರ ಮಾಡೆಲ್, ಬಿಳಿ ಬಣ್ಣ. ಬಿಳಿ ಅಂತ ಆರ್‌ಸಿಯಲ್ಲಿದೆ, ಕಾರಿನ ಮೇಲೆ ಹುಡುಕಬೇಕು. ಸ್ವಂತ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ಇನ್ನೂ ಓಡಲು ಯೋಗ್ಯ ಅನ್ನುವ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ಮಾವ 2012ರಲ್ಲಿ ಮಾಡಿಸಿದರು. 2017ರಲ್ಲಿ ಮಾಡಿಸಲಿಲ್ಲ. ಅಷ್ಟರಲ್ಲಿ ಅವರ ಕಣ್ಣಿನ ಆಪರೇಶನ್ ಆಗಿತ್ತು, ಮಂಡಿ ಹಿಡಿದುಕೊಂಡಿತ್ತು, ಮನೆಯವರೆಲ್ಲ ಸೇರಿ ಡ್ರೈವಿಂಗ್ ಸಾಕು ಅಂದಿದ್ದರು. ಕಾರಿಗೆ ಕವರ್ ಹೊದಿಸಿ ಮನೆ ಪಕ್ಕದ ಶೀಟಿನ ಕೆಳಗೆ ನಿಲ್ಲಿಸಿದರು. "ಆಗಾಗ ಸ್ಟಾರ್ಟ್ ಮಾಡ್ತಾ ಇರೋಣ" ಅಂತ ಎಲ್ಲರೂ ಹೇಳಿದ್ದೆವು. ನಿಮ್ಮ ಮನೆಯಲ್ಲೂ ಯಾವುದೋ ಗಾಡಿಗೆ ಹೀಗೆ ಹೇಳಿರುತ್ತೀರಿ. ಯಾರು ಮಾಡ್ತಾರೆ?

ಗುಜರಿಯವನು ಎರಡು ಸಲ ಬಂದು ಕವರ್ ಎತ್ತಿ ನೋಡಿದ. ಎರಡನೇ ಸಲ ಮಾವ ಊಟ ಬಿಟ್ಟು ಎದ್ದು ಬಂದು ಕಾರಿಗೂ ಅವನಿಗೂ ನಡುವೆ ನಿಂತರು. ಅವನು ಹೋದ ಮೇಲೆ ನನಗೆ ಪಾಠ ಶುರುವಾಯಿತು. ಮೊಟ್ಟಮೊದಲ ಮಾರುತಿ 800ರ ಕೀ ಕೊಟ್ಟದ್ದು ಇಂದಿರಾ ಗಾಂಧಿ, 1983ರ ಡಿಸೆಂಬರ್ 14ರಂದು, ದೆಹಲಿಯ ಹರ್ಪಾಲ್ ಸಿಂಗ್ ಅನ್ನುವವರಿಗೆ. ಮಾವ ಹೇಳುವ ಧಾಟಿ ಕೇಳಿದರೆ ಪಕ್ಕದಲ್ಲೇ ನಿಂತು ಕೀ ಒರೆಸಿ ಕೊಟ್ಟವರು ಇವರೇ ಅನ್ನಿಸುತ್ತದೆ. ಆ ಮಾಲೀಕರು ಕೊನೆಯವರೆಗೂ ಅದೇ ಕಾರು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಕಾರು ಮನೆ ಮುಂದೆ ತುಕ್ಕು ಹಿಡಿದು ನಿಂತಿತ್ತು. ಆಮೇಲೆ ಕಂಪನಿಯವರೇ ತರಿಸಿಕೊಂಡು ಹೊಸದರ ಹಾಗೆ ಮಾಡಿ ಪ್ರದರ್ಶನಕ್ಕೆ ಇಟ್ಟರು. "ಅದೇ ಸರಿ ಹೋಗಿದೆ, ಇದು ಹೋಗಲ್ವಾ ಅಳಿಯಂದ್ರೇ?" ಅಂದರು ಮಾವ. ಅದಕ್ಕೊಂದು ಕಾರ್ಖಾನೆ ಇತ್ತು, ಇದಕ್ಕೆ ನಾನೊಬ್ಬನೇ ಅಂತ ಹೇಳಬೇಕಿತ್ತು. ಅಳಿಯನಾದವನು ಅದನ್ನೆಲ್ಲ ಹೇಳುವ ಹಾಗಿಲ್ಲ. "ಹೋಗುತ್ತೆ ಮಾವ" ಅಂದುಬಿಟ್ಟೆ.

ಮೊದಲ ಭಾನುವಾರ ಕವರ್ ತೆಗೆದೆವು. ಕವರ್ ಹೊದಿಸಿದರೆ ಕಾರು ಕ್ಷೇಮ ಅಂತ ನಂಬಿಕೊಂಡವರು ಒಮ್ಮೆ ತೆಗೆದು ನೋಡಬೇಕು. ಒಳಗಿನ ತೇವ ಹೊರಗೆ ಹೋಗದೆ ಬಾಗಿಲಿನ ಕೆಳಗಿನ ಅಂಚೆಲ್ಲ ಹಪ್ಪಳದ ಹಾಗೆ ಆಗಿತ್ತು, ಬೆರಳಿಟ್ಟರೆ ಪುಡಿ. ಇಲಿಗಳಿಗಂತೂ ಅದು ಬಾಡಿಗೆ ಇಲ್ಲದ ಮನೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಹತ್ತಿ, ಕಾಗದ, ಸೀಟಿನ ಸ್ಪಂಜು ಎಲ್ಲ ಸೇರಿಸಿ ಬಾಣಂತಿ ಕೋಣೆ ಮಾಡಿಕೊಂಡಿದ್ದವು. ವೈರುಗಳನ್ನು ಬಣ್ಣ ನೋಡಿ ತಿಂದಂತಿತ್ತು. ಹಸಿರನ್ನು ಮುಟ್ಟಿರಲಿಲ್ಲ, ಕೆಂಪು ಒಂದೂ ಉಳಿದಿರಲಿಲ್ಲ. ಟೈರಿನ ಪಕ್ಕದಲ್ಲಿ 3111 ಅಂತ ಇತ್ತು, ಅಂದರೆ 2011ರ 31ನೇ ವಾರದಲ್ಲಿ ತಯಾರಾದದ್ದು. ಬಿರುಕು ಎಷ್ಟು ದೊಡ್ಡದಿತ್ತು ಅಂದರೆ ಆ ನಾಲ್ಕಂಕಿ ಓದುವುದೇ ಕಷ್ಟವಾಯಿತು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸಣ್ಣ ಡೈರಿ ಸಿಕ್ಕಿತು. ಮಾವ ಪೆಟ್ರೋಲ್ ಹಾಕಿಸಿದ ಲೆಕ್ಕ. ಸ್ಕೇಲಿಟ್ಟು ಎಳೆದ ನಾಲ್ಕು ಕಾಲಂ: ದಿನಾಂಕ, ಕಿಲೋಮೀಟರ್, ಲೀಟರ್, ಮೈಲೇಜ್. ಇರುವೆಯಂಥ ಅಕ್ಷರ. ಒಂದು ಪುಟದಲ್ಲಿ 18.2ರ ಕೆಳಗೆ ಎರಡು ಗೆರೆ ಎಳೆದಿದ್ದರು, ಆವತ್ತು ಮನೆಗೆ ಬಂದು ಎಲ್ಲರಿಗೂ ಹೇಳಿರುತ್ತಾರೆ. ಕೊನೆಯ ಸಾಲು 2016ರದ್ದು. ದಿನಾಂಕ ಇದೆ, ಕಿಲೋಮೀಟರ್ ಇದೆ, ಲೀಟರ್ ಇದೆ. ಮೈಲೇಜ್ ಜಾಗ ಖಾಲಿ. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿದಾಗ ತಾನೇ ಮೈಲೇಜ್ ಗೊತ್ತಾಗೋದು. ಆ "ಮತ್ತೆ" ಬರಲೇ ಇಲ್ಲ. ಮಾವ ಡೈರಿ ತಗೊಂಡು ಆ ಸಾಲಿನ ಮೇಲೆ ಹೆಬ್ಬೆರಳು ಉಜ್ಜಿದರು, ಧೂಳು ಒರೆಸುವವರ ಹಾಗೆ. ಧೂಳು ಇರಲಿಲ್ಲ. ಶರ್ಟಿನ ಜೇಬಿಗೆ ಹಾಕಿಕೊಂಡರು.

ಆ ಫುಲ್ ಟ್ಯಾಂಕ್ ಪೆಟ್ರೋಲ್ ಮಾತ್ರ ಹಾಗೇ ಇತ್ತು. ಮುಚ್ಚಳ ತೆಗೆದರೆ ಹಳೇ ಪೇಂಟ್ ಡಬ್ಬಿಯ ವಾಸನೆ. ಪೆಟ್ರೋಲ್ ತುಂಬ ದಿನ ನಿಂತರೆ ಗೋಂದಾಗುತ್ತದೆ, ಆ ಗೋಂದು ಎಂಜಿನ್ನಿಗೆ ಪೆಟ್ರೋಲ್ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ. ಜೆಟ್ ಅಂದರೆ ಸೂಜಿಮೊನೆಯಷ್ಟು ತೂತು. ಅದಕ್ಕೆ ಗುಂಡುಸೂಜಿ ಹಾಕಿದರೆ ತೂತು ದೊಡ್ಡದಾಗಿ ಕಾರು ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಹಾಗಾಗಿ ಹಳೇ ವೈರು ಬಿಚ್ಚಿ, ತಾಮ್ರದ ಒಂದೇ ಒಂದು ಎಳೆ ತೆಗೆದು, ಉಸಿರು ಹಿಡಿದು ಒಳಗೆ ತೂರಿಸಬೇಕು. ವಿಡಿಯೋದಲ್ಲಿ ಇದೆಲ್ಲ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ. ಆ ವಿಡಿಯೋ ಮಾಡುವವರ ಸ್ಕ್ರೂಗಳು ಯಾಕೆ ಒಂದೇ ತಿರುವಿಗೆ ಬಿಡುತ್ತವೆ? ನಾನು ಮುಟ್ಟಿದ ಸ್ಕ್ರೂಗಳೆಲ್ಲ ತಲೆ ಸವೆಸಿಕೊಂಡು ಅಲ್ಲೇ ಕೂತವು.

ಬ್ರೇಕಿನದು ಇನ್ನೊಂದು ಗೋಳು. ಮಾವ ಶಿಸ್ತಿನ ಮನುಷ್ಯ, ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದಿದ್ದರು. ವರ್ಷಗಟ್ಟಲೆ ಹಾಗೇ ಇದ್ದು ಹಿಂದಿನ ಚಕ್ರಗಳ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು. ಎರಡು ಗಂಟೆ ಸುತ್ತಿಗೆಯಲ್ಲಿ ಬಡಿದೆ. ಡ್ರಮ್ಮಿನ ಮುಖದ ಮೇಲೇ ಒಳಗೆ ಸ್ಕ್ರೂ ಗೆರೆ ಇರುವ ಎರಡು ತೂತುಗಳಿವೆ, ಅದಕ್ಕೆ ಬೋಲ್ಟ್ ಹಾಕಿ ತಿರುಗಿಸಿದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ ಅನ್ನುವುದು ಗೊತ್ತಾದದ್ದು ಆಮೇಲೆ. ಬಡಿಯುವಾಗಲೂ ಆ ತೂತುಗಳು ನನ್ನನ್ನೇ ನೋಡುತ್ತಿದ್ದವು.

ಇಷ್ಟಾದರೂ ತಡೆದುಕೊಂಡೆ. ತಡೆಯಲಾಗದ್ದು ಮಾವನ ಸೆಲ್ಫ್.

ಕಾರಿನ ಕೀ ಅವರ ಹತ್ತಿರವೇ ಇರುತ್ತದೆ. ನಾನು ಬಾನೆಟ್ ಎತ್ತಿದ ಐದು ನಿಮಿಷಕ್ಕೆ ಬರುತ್ತಾರೆ. ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಬಾಗಿಲು ಎರಡು ಸಲ ದಬ್ಬುತ್ತಾರೆ, ಮೊದಲ ಸಲಕ್ಕೆ ಅದು ಹಾಕಿಕೊಳ್ಳುವುದಿಲ್ಲ. ಆಮೇಲೆ ಮಿರರ್ ಸರಿ ಮಾಡುತ್ತಾರೆ. ಮಿರರಿನಲ್ಲಿ ಕಾಣುವುದು ಹಿಂದಿನ ಗೋಡೆ ಮತ್ತು ಅದರ ಮೇಲೆ ಒಣಹಾಕಿದ ನೆಲ ಒರೆಸುವ ಬಟ್ಟೆ. ಅದು ಸರಿಯಾಗಿ ಮಧ್ಯಕ್ಕೆ ಬರುವವರೆಗೂ ತಿರುಗಿಸುತ್ತಾರೆ. ಗೇರ್ ಅಲ್ಲಾಡಿಸಿ ನ್ಯೂಟ್ರಲ್ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಚೋಕ್ ಎಳೆಯುತ್ತಾರೆ. ಕೀ ಹಾಕಿ, ಕತ್ತು ಹೊರಗೆ ಚಾಚಿ ಕೇಳುತ್ತಾರೆ: "ಅಳಿಯಂದ್ರೇ, ಒಂದ್ಸಲ ಸೆಲ್ಫ್ ಹೊಡೀಲಾ?"

ಮೊದಲ ಭಾನುವಾರ ಕಾರಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಹೇಳಿದೆ. "ಸುಮ್ನೆ, ಒಂದ್ಸಲ" ಅಂದರು. ಎರಡನೇ ಭಾನುವಾರ ಕಾರ್ಬ್ಯುರೇಟರ್ ಅವರೇ ತಂದುಕೊಟ್ಟ ಪೇಪರಿನ ಮೇಲೆ ಮೂವತ್ತು ತುಂಡಾಗಿ ಬಿದ್ದಿತ್ತು. ಅದನ್ನು ಹುಷಾರಾಗಿ ದಾಟಿಕೊಂಡು ಹೋಗಿ ಸೀಟಿನಲ್ಲಿ ಕೂತು ಕೇಳಿದರು. ಮೂರನೇ ವಾರ ಚಕ್ರ ನಾಲ್ಕೂ ಬಿಚ್ಚಿ ಕಾರನ್ನು ಕಲ್ಲಿನ ಮೇಲೆ ಕೂರಿಸಿದ್ದೆ. ಹತ್ತಲು ಅವರಿಗೆ ಒಂದು ಸ್ಟೂಲ್ ಬೇಕಾಯಿತು. ಸ್ಟೂಲ್ ತಂದುಕೊಟ್ಟವಳು ನನ್ನ ಹೆಂಡತಿ. "ರೀ, ಒಂದ್ಸಲ ಹೊಡೀಲಿ ಬಿಡಿ, ಅಪ್ಪನಿಗೆ ಆಸೆ" ಅಂತ ಶಿಫಾರಸು ಬೇರೆ. ಏನು ಹೊಡೆಯೋದು? ಪ್ರತಿ ಸಲ ನಾನು "ಇನ್ನೂ ಬೇಡ ಮಾವ" ಅನ್ನುವುದು, ಅವರು "ಆಯ್ತು ಆಯ್ತು, ನಿಧಾನ" ಅನ್ನುವುದು, ಹತ್ತು ನಿಮಿಷ ಬಿಟ್ಟು ಮತ್ತೆ ಬಾಗಿಲು ಎರಡು ಸಲ ದಬ್ಬಿದ ಸದ್ದು.

ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿ ಕೂರಿಸಿದೆ. ಲೈಟು ಹತ್ತುತ್ತದಾ ಅಂತ ಸ್ವಿಚ್ ಒತ್ತಿ ನೋಡಿದೆ. ನಿನ್ನೆ ರಾತ್ರಿಯೇ ಮೂರು ಸ್ಪಾರ್ಕ್ ಪ್ಲಗ್ಗೂ ಬಿಚ್ಚಿ ಸಿಲಿಂಡರಿನೊಳಗೆ ಆಯಿಲ್ ಬಿಟ್ಟಿದ್ದೆ. ನಿಂತ ಎಂಜಿನ್ನನ್ನು ಒಣಗಿದ ಹಾಗೇ ತಿರುಗಿಸಿದರೆ ಒಳಗೆ ಗೀರು ಬೀಳುತ್ತದೆ ಅಂತ ಹಾಗೆ ಮಾಡುವುದು. ಒಂದೊಂದಕ್ಕೆ ಒಂದು ಚಮಚ ಸಾಕು. ನನ್ನದು ಧಾರಾಳ ಕೈ. ಬೆಳಿಗ್ಗೆ ಟಾರ್ಚ್ ಹಿಡಿದು, ಆಯಿಲ್ ಇಳಿದಿದೆಯಾ ಅಂತ ಪ್ಲಗ್ ತೂತಿನ ಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಬಾಗಿಲು ದಬ್ಬಿದ ಸದ್ದು ಕೇಳಿಸಿತು. ಒಂದು ಸಲ. ಎರಡು ಸಲ. ಆಮೇಲೆ ಪ್ರಶ್ನೆ. ನಾನು "ಹ್ಞೂಂ, ಇರಿ ಮಾವ" ಅಂದೆ.

ಅವರಿಗೆ "ಹ್ಞೂಂ" ಅನ್ನುವುದಷ್ಟೇ ಕೇಳಿಸಿದೆ.

ಪ್ಲಗ್ ಇಲ್ಲದ ಎಂಜಿನ್ನಿಗೆ ತಡೆಯೇ ಇರುವುದಿಲ್ಲ, ಬಲು ಜೋರಾಗಿ ತಿರುಗುತ್ತದೆ. ಮೂರು ಪಿಸ್ಟನ್ನೂ ಸರದಿಯಂತೆ ಮೇಲೆ ಬಂದು ಒಳಗಿದ್ದದ್ದನ್ನೆಲ್ಲ ಹೊರಗೆ ಉಗುಳಿದವು. ಮೊದಲನೆಯದು ಹಣೆಗೆ. ನಾನು ಮುಖ ತಿರುಗಿಸಿದ್ದರಿಂದ ಎರಡನೆಯದು ಕಿವಿಗೆ. ಮೂರನೆಯದು ಮೇಲಿನ ಶೀಟಿಗೆ ತಾಗಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, ನೆತ್ತಿ ಮೇಲೆ ತೊಟ್ಟಿಕ್ಕಿತು. 796 ಸಿಸಿ ಅಂತ ಇಷ್ಟು ದಿನ ಹಗುರವಾಗಿ ಮಾತಾಡಿದ್ದೆ, ಇನ್ನು ಮಾತಾಡುವುದಿಲ್ಲ. ನಾನು ಕಣ್ಣು ಬಿಡಲಾರದೆ ಕೈ ಚಾಚಿ ವೇಸ್ಟ್ ಬಟ್ಟೆ ತಡಕಾಡುತ್ತಿದ್ದರೆ, ಕಾರಿನೊಳಗಿಂದ ಖುಷಿಯ ದನಿ ಬಂತು.

"ತಿರುಗ್ತು ಅಳಿಯಂದ್ರೇ! ಎಂಜಿನ್ ಜಾಮ್ ಆಗಿಲ್ಲ!"

ಸಿಟ್ಟು ಬರುವುದಕ್ಕೆ ಇದೇ ಕಾರಣ. ಅವರು ಹೇಳಿದ್ದು ಸರಿಯಿತ್ತು. ಮೂರು ವಾರದಿಂದ ನನ್ನ ಎದೆಯಲ್ಲಿ ಕೂತಿದ್ದ ಭಯ ಅದೇ, ಎಂಜಿನ್ ಹಿಡಿದುಕೊಂಡಿದ್ದರೆ ಏನು ಗತಿ ಅಂತ. ಅದಕ್ಕೆ ಉತ್ತರ ನನ್ನ ಮುಖದ ಮೇಲೇ ಸುರಿದಿತ್ತು.

ಮಧ್ಯಾಹ್ನ ಪ್ಲಗ್ ಹಾಕಿ ವೈರು ಜೋಡಿಸಿದೆ. ಮೂರೇ ವೈರು, ಗುರುತು ಮಾಡಿಟ್ಟುಕೊಳ್ಳುವುದು ಯಾಕೆ ಅಂದುಕೊಂಡಿದ್ದೆ. ಮೂರು ವೈರನ್ನು ಆರು ಥರ ಜೋಡಿಸಬಹುದು. ತಪ್ಪಾದ ಐದನ್ನೂ ಪ್ರಯೋಗ ಮಾಡಿದೆ. ಒಂದಕ್ಕೆ ಕಾರ್ಬ್ಯುರೇಟರ್ ಸೀನಿತು, ಒಂದಕ್ಕೆ ಸೈಲೆನ್ಸರಿನಿಂದ ಪಟಾಕಿ ಹೊಡೆದು ಇಲಿಯೊಂದು ಹೊರಗೆ ಓಡಿತು. ಇಷ್ಟು ದಿನ ಅದು ಎಲ್ಲಿತ್ತೋ, ನಾವು ಮಾಡುತ್ತಿದ್ದದ್ದನ್ನೆಲ್ಲ ನೋಡುತ್ತಿತ್ತೋ ಏನೋ. ಪ್ರತಿ ಸಲ ಸೆಲ್ಫ್ ಹೊಡೆದವರು ಮಾವ. ಸಾಯಂಕಾಲದ ಹೊತ್ತಿಗೆ ಅವರಿಗೂ ಸುಸ್ತಾಗಿ, ಕೀಯನ್ನು ಅಲ್ಲೇ ಬಿಟ್ಟು, ಮುಖ ತೊಳೆದು ಬರುತ್ತೇನೆ ಅಂತ ಒಳಗೆ ಹೋದರು.

ಆರನೆಯದನ್ನು ಜೋಡಿಸಿ, ಒಂದು ಬಾಟಲಿಯಲ್ಲಿ ಅರ್ಧ ಲೀಟರ್ ಹೊಸ ಪೆಟ್ರೋಲ್ ಇಟ್ಟು ಪೈಪ್ ಮುಳುಗಿಸಿ, ನಾನೇ ಕೂತು ಕೀ ತಿರುಗಿಸಿದೆ. ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಹಿಡಿದುಕೊಂಡಿತು.

ಮೂರು ಸಿಲಿಂಡರಿನ ಆ ಸದ್ದು ಕೇಳಿದವರಿಗೆ ಗೊತ್ತು, ಹೊಲಿಗೆ ಮೆಷಿನ್ನಿಗೂ ಆಟೋಗೂ ಮಧ್ಯದ್ದು. ಸ್ಟೇರಿಂಗ್ ನಡುಗಿತು, ಬಿಳಿ ಹೊಗೆಯಲ್ಲಿ ಗೋಡೆ ಮುಚ್ಚಿಹೋಯಿತು. ನಲವತ್ತು ಸೆಕೆಂಡ್ ಆಗಿರಬಹುದು. ಮಾವ ಮುಖದ ತುಂಬ ನೀರು, ಕೈಯಲ್ಲಿ ಟವೆಲ್, ಒಂದೇ ಚಪ್ಪಲಿಯಲ್ಲಿ ಓಡಿ ಬಂದರು. ಆ ಮಂಡಿಯಲ್ಲಿ ಅವರು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊಗೆಯೊಳಗೆ ನಿಂತು ಅಂದರು:

"ಆಫ್ ಮಾಡಿ ಅಳಿಯಂದ್ರೇ. ಆಫ್ ಮಾಡಿ. ನಾನು ಹೊಡೀತೀನಿ."

ಆಫ್ ಮಾಡಿದೆ. ಅವರು ಸ್ಟೂಲ್ ಹತ್ತಿ ಕೂತರು. ಬಾಗಿಲು ಎರಡು ಸಲ. ಮಿರರ್ ತಿರುಗಿಸಿದರು. ಕೈ ಅಲ್ಲೇ ನಿಂತಿತು.

"ಹಿಂದೆ ಬಟ್ಟೆ ಯಾಕೆ ಕೆಂಪಗೆ ಕಾಣ್ತಿದೆ?"

ಬೆಳಿಗ್ಗೆ ನಾನು ಪರೀಕ್ಷೆಗೆ ಅಂತ ಹಾಕಿದ ಪಾರ್ಕಿಂಗ್ ಲೈಟು. ಬಿಸಿಲಿನಲ್ಲಿ ಯಾರಿಗೂ ಕಾಣದೆ ಇಡೀ ದಿನ ಉರಿದಿತ್ತು. ಮಾವ ಕೀ ತಿರುಗಿಸಿದರು. ಟಕ್ ಅಂತ ಒಂದು ಸದ್ದು. ಗೋಡೆಯ ಮೇಲಿನ ಬಟ್ಟೆ ಮೆಲ್ಲಗೆ ಕೆಂಪಿನಿಂದ ಬೂದು ಬಣ್ಣಕ್ಕೆ ತಿರುಗಿತು. ಬೆಳಗಿನ ಆಯಿಲ್ಲಿಗೆ ಅವರನ್ನು ಬೈಯಬೇಕು ಅಂತ ಎಲ್ಲೋ ಒಂದು ಆಸೆ ಇಟ್ಟುಕೊಂಡಿದ್ದೆ, ಅದೂ ಹೋಯಿತು. "ಆಯ್ತು ಆಯ್ತು, ನಿಧಾನ" ಅಂದರು ಅವರು.

ರಾತ್ರಿ ಊಟ ಆದ ಮೇಲೆ ಡೈರಿ ತೆಗೆದು ಬರೆಯುತ್ತಿದ್ದರು. ಇಣುಕಿದೆ. ಇವತ್ತಿನ ತಾರೀಕು. ಕಿಲೋಮೀಟರ್, 2016ರಲ್ಲಿ ಇದ್ದದ್ದೇ. ಅರ್ಧ ಲೀಟರ್. ಮೈಲೇಜ್ ಜಾಗ ಖಾಲಿ ಬಿಟ್ಟಿದ್ದಾರೆ.

ಬ್ಯಾಟರಿ ಬಿಚ್ಚಿ ತಂದು ವರಾಂಡದಲ್ಲಿ ಚಾರ್ಜಿಗೆ ಹಾಕಿದ್ದೇನೆ, ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಈಗ ತಾನೇ ಹೊರಗೆ ಕಾರಿನ ಬಾಗಿಲು ಎರಡು ಸಲ ದಬ್ಬಿದ ಸದ್ದಾಯಿತು.