ಹಕ್ಕಿ ಬೇಕು, ಜೇಡ ಬೇಡ ಅಂದರೆ ಹೇಗೆ?

ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನ ಬಂದರೆ ಸಾಕು, ಗೋಡೆಗೆ ಮರದ ಪೆಟ್ಟಿಗೆ ನೇತುಹಾಕಿ ಫೋಟೋ ಹಾಕುವವರು ಜಾಸ್ತಿ. ಸಂತೋಷ. ಆದರೆ ಅದೇ ಮನೆಯಲ್ಲಿ ದಾಸವಾಳಕ್ಕೆ ಹುಳ ಬಿತ್ತು ಅಂತ ಔಷಧಿ ಹೊಡೆಯುತ್ತಾರೆ. ಗುಬ್ಬಿ ಕಾಳು ತಿನ್ನುವ ಹಕ್ಕಿ, ಒಪ್ಪಿದೆ. ಮರಿಗೆ ಮಾತ್ರ ಹುಳುವೇ ಆಗಬೇಕು. ಹುಳುವೇ ಇಲ್ಲದ ಹಿತ್ತಲಲ್ಲಿ ಪೆಟ್ಟಿಗೆ ಕಟ್ಟಿ ಏನು ಮಾಡೋದು?

ನಮ್ಮ ಹಿತ್ತಲು ನೋಡಿದವರು, "ಏನ್ರೀ ಇದು, ಆಳು ಕರೆಸಿ ಕ್ಲೀನ್ ಮಾಡಿಸಬಾರದಾ?" ಅನ್ನುತ್ತಾರೆ. ಮಾಡಿಸಲ್ಲ. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಸೂರಕ್ಕಿ ಗೂಡು ಕಟ್ಟಿದ್ದನ್ನು ನೋಡಿದ ಮೇಲಂತೂ ಇಲ್ಲವೇ ಇಲ್ಲ. ಕಟ್ಟುವ ಕೆಲಸವೆಲ್ಲ ಹೆಣ್ಣಿನದೇ. ಜೇಡರ ಬಲೆ ತಂದು ತಂತಿಗೆ ಸುತ್ತುತ್ತದೆ. ಅದಕ್ಕೆ ತೊಗಟೆ ಚೂರು, ಒಣ ಹುಲ್ಲು, ಕೊನೆಗೆ ಕಂಬಳಿಹುಳದ ಹಿಕ್ಕೆಯನ್ನೂ ಬಿಡದೆ ಅಂಟಿಸುತ್ತದೆ. ಮುಗಿದಾಗ ನೋಡಿದರೆ ಗುಡಿಸಿದ ಕಸ ಗಾಳಿಗೆ ಹಾರಿ ತಂತಿಗೆ ಸಿಕ್ಕಿಕೊಂಡ ಹಾಗಿರುತ್ತದೆ. ಪಕ್ಕದಲ್ಲೊಂದು ತೂತು, ಅದರ ಮೇಲೆ ಪುಟ್ಟದೊಂದು ಸೂರು, ಒಳಗೆ ಮೆತ್ತನೆಯ ಹತ್ತಿ. ಗಂಡು? ಪಕ್ಕದ ಕೊಂಬೆಯಲ್ಲಿ ಕೂತು ಚಿವ್ ಚಿವ್ ಅನ್ನುತ್ತಿರುತ್ತದೆ. (ಇದು ಯಾರ ಮನೆ ಕಥೆ ಅಂತ ನಾನು ಹೇಳಲ್ಲ.) ಮರಿ ಆದ ಮೇಲೆ ಪಾಪ, ಅದೂ ಉಣಿಸಲು ಬರುತ್ತದೆ. ಹೂವಿನ ರಸ ಕುಡಿಯುವ ಹಕ್ಕಿ ಮರಿಗೆ ತರುವುದು ಜೇಡ, ಸಣ್ಣಪುಟ್ಟ ಹುಳು.

ಸಿಂಪಿಗ ಹಕ್ಕಿಗೂ ಅದೇ ನೂಲು ಬೇಕು. ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ ಜೇಡರ ಬಲೆ, ಹತ್ತಿ ಎಳೆ ತೂರಿಸಿ ಹೊಲಿಯುತ್ತದೆ. ಎಲೆ ಗಿಡದಲ್ಲೇ ಇರುವುದರಿಂದ ಗೂಡೂ ಹಸಿರಾಗಿಯೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕತ್ತರಿ ಹಿಡಿದವರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದೇ ಕಷ್ಟ. ಒಣಗಿದ ಎಲೆ ರಾಶಿಯನ್ನಾದರೂ ಬಿಡಿ, ಹರಟೆಮಲ್ಲಗಳ ಗುಂಪು ಬಂದು ಒಂದೊಂದೇ ಎಲೆ ಮಗುಚಿ ಹುಳು ಹುಡುಕುತ್ತದೆ, ಜಗಳವಾಡುತ್ತಲೇ.

ಇನ್ನು ಫೋಟೋ ಹುಚ್ಚು. ಪಿಕಳಾರದ ಗೂಡು ಚೆನ್ನಾಗಿ ಕಾಣಲಿ ಅಂತ ಸುತ್ತಲಿನ ಎಲೆ ಕೀಳುವವರನ್ನು ನೋಡಿದರೆ ಮೈ ಉರಿಯುತ್ತದೆ. ಬಿಸಿಲು ನೇರ ಮರಿ ಮೇಲೆ ಬೀಳುತ್ತದೆ, ಕಾಗೆಗೂ ಗೂಡು ಕಾಣುತ್ತದೆ. ದೂರದಿಂದ ಸುಮ್ನೆ ನೋಡೋಕೆ ಆಗಲ್ವಾ?

ಹಕ್ಕಿ ಬರಬೇಕಾದರೆ ಗಸಗಸೆ ಹಣ್ಣಿನ ಮರವೊಂದನ್ನು ನೆಡಿ. ಬೇಗ ಬೆಳೆಯುತ್ತದೆ. ಕರಿಬೇವು ಹಣ್ಣಾಗಲು ಬಿಡಿ, ಪಿಕಳಾರ, ಕೋಗಿಲೆ ಎರಡೂ ಬರುತ್ತವೆ. ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ಚೆಲ್ಲಿ ಹೊಸದು ಹಾಕಿ, ಸೊಳ್ಳೆ ಆಗಲ್ಲ. ಕೆಂಬೂತ ಬಂದು ಮರಿ ಎತ್ತಿಕೊಂಡು ಹೋದರೆ ಹೊಟ್ಟೆ ಚುರುಕ್ ಅನ್ನುತ್ತದೆ, ಆದರೆ ಓಡಿಸಲ್ಲ. ಅದಕ್ಕೂ ಗೂಡಿದೆ, ಮರಿ ಇದೆ. ಪಕ್ಕದ ಮನೆ ಬೆಕ್ಕನ್ನು ಮಾತ್ರ ಓಡಿಸುತ್ತೇನೆ. ಅದಕ್ಕೆ ಮನೆಯಲ್ಲಿ ಎರಡು ಹೊತ್ತು ಹಾಲು ಅನ್ನ ಸಿಗುತ್ತದೆ.